ತುರಿಕೆ ಮತ್ತು ಹೆದರಿಕೆ



ಹೋದ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಜೀವಶಾಸ್ತ್ರ ಓದಿದವನು. ಈಗ ಅವನ ಮಗಳೇ ಹತ್ತನೆಯ ತರಗತಿಯಲ್ಲಿದ್ದಾಳೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ವಿಷಯಕ್ಕೆ ಬಂದ. "ಸಾರ್, ಬೀದಿಯಲ್ಲಿದ್ದ ನಾಯಿಮರಿಯೊಂದನ್ನು ಮನೆಗೆ ತಂದು ಏಳು ತಿಂಗಳಾಯಿತು. ಹಗಲೂ ರಾತ್ರಿ ಕೆರೆದುಕೊಳ್ಳುತ್ತದೆ. ಯಾರಾದರೂ ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಎಳೆಯಲು ಹೋದರೆ ಗುರ್ ಎನ್ನುತ್ತದೆ. ತರಬೇತಿ ಕೊಡುವವರೊಬ್ಬರನ್ನು ಕರೆಸಿದ್ದೆವು. ಕುತ್ತಿಗೆ ಬಿಗಿಯುವ ಸರಪಳಿ ಹಾಕಿ ನಾಲ್ಕು ದಿನ ಎಳೆದಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂದರು. ನಿಮ್ಮ ಕೆಂಚನೂ ಮೊದಲು ಹೀಗೇ ಇದ್ದನಂತಲ್ಲ, ನೀವೇನು ಮಾಡಿದಿರಿ?"

ನಾನು ಮುಕ್ಕಾಲು ಗಂಟೆ ಮಾತಾಡಿದೆನಂತೆ. ಅಡಿಗೆಮನೆಯಿಂದ ನಮ್ಮ ಮನೆಯವರು "ಪೀರಿಯಡ್ಡು ಮುಗಿದು ಎಷ್ಟು ಹೊತ್ತಾಯಿತು, ಆ ಹುಡುಗನನ್ನು ಬಿಡಿ" ಎಂದು ಕೂಗಿದ ಮೇಲೆಯೇ ನನಗೆ ಎಚ್ಚರವಾದದ್ದು. ಅಂದು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಸ್ತವ್ಯಸ್ತವಾಗಿತ್ತು. ಆದ್ದರಿಂದ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತುರಿಕೆಯಿರುವ ನಾಯಿಯ ಹೆದರಿಕೆಯನ್ನು ತಿದ್ದಲು ಹೊರಡುವವನು ಮೊದಲು ಅದರ ಚರ್ಮವನ್ನು ನೋಡಬೇಕು. ಆಮೇಲೆ ತನ್ನ ಕೈಯನ್ನು ನೋಡಿಕೊಳ್ಳಬೇಕು. ಸರಪಳಿಗೂ ಕೋಲಿಗೂ ಇದರಲ್ಲಿ ಕೆಲಸವಿಲ್ಲ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಪುಸ್ತಕದಿಂದಲ್ಲ, ತಪ್ಪುಗಳಿಂದ.

ಕೆಂಚ ನಮ್ಮಲ್ಲಿಗೆ ಬಂದದ್ದು 2022ರ ಜೂನ್ ತಿಂಗಳಲ್ಲಿ. ತಿಪಟೂರು ಸೀಮೆಯ ಮನೆಗಳಲ್ಲಿ ಕೊಬ್ಬರಿಗೆಂದು ಕಾಯಿ ಹಾಕುವ ಅಟ್ಟ ಇರುತ್ತದೆಂಬುದು ನಿಮಗೆಲ್ಲ ಗೊತ್ತು. ನಮ್ಮ ತೋಟದ ಮನೆಯ ಅಟ್ಟದ ಕೆಳಗೆ, ಮಟ್ಟೆಯ ರಾಶಿಯ ಹಿಂದೆ, ಮಳೆಗೆ ತೊಯ್ದು ಮುದುರಿಕೊಂಡಿತ್ತು. ಮೊದಲ ನೋಟಕ್ಕೆ ಅದು ನಾಯಿಯೆಂದು ನನಗೆ ಅನ್ನಿಸಲೇ ಇಲ್ಲ. ಕಿವಿಯ ಅಂಚು, ಮೊಣಕೈ, ಹೊಟ್ಟೆ, ಬಾಲದ ಬುಡ ಎಲ್ಲೆಡೆ ಕೂದಲು ಉದುರಿ, ಚರ್ಮ ಆನೆಯ ಚರ್ಮದಂತೆ ದಪ್ಪಗಟ್ಟಿ, ಮೇಲೆ ಬೂದಿ ಬಳಿದಂತೆ ಹೊಪ್ಪಳೆ. ಅಲ್ಲಲ್ಲಿ ರಕ್ತ. ಉಳಿದಿದ್ದ ನಾಲ್ಕು ಕೂದಲು ಕೆಂಚಗಿದ್ದುದರಿಂದ ಆ ಹೆಸರು ಬಂತು. ಹೆಸರಿಟ್ಟದ್ದು ಬೇಸಿಗೆ ರಜೆ ಮುಗಿದರೂ ಊರಿಗೆ ಹೋಗದೆ ಹಟ ಹಿಡಿದು ಉಳಿದಿದ್ದ ಮೊಮ್ಮಗಳು. ಯಾವುದೋ ಮನೆಯಲ್ಲಿ ಸಾಕಿ ಬಿಟ್ಟ ನಾಯಿಯೇ ಇರಬೇಕು. ಕುತ್ತಿಗೆಯಲ್ಲಿ ಹರಿದ ಪ್ಲಾಸ್ಟಿಕ್ ಹಗ್ಗವೊಂದಿತ್ತು. ಕಜ್ಜಿ ಹತ್ತಿದ ನಾಯಿಯನ್ನು ಸಂತೆಯ ದಿನ ಗಾಡಿಯಲ್ಲಿ ತಂದು ದೂರದಲ್ಲಿ ಇಳಿಸಿ ಹೋಗುವವರನ್ನು ನಾನೇ ಕಂಡಿದ್ದೇನೆ.

ಅನ್ನ ಇಟ್ಟು ನಾವು ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಮಾತ್ರ ಬಂದು ತಿನ್ನುತ್ತಿತ್ತು. ಒಂದು ವಾರದಲ್ಲಿ ಆ ದೂರ ಐದಾರು ಹೆಜ್ಜೆಗೆ ಇಳಿಯಿತು. ಆಗ ನಾನು ಮಾಡಿದ ಘನಕಾರ್ಯವನ್ನು ಕೇಳಿ. ಪಕ್ಕದ ತೋಟದವರು "ಟ್ರ್ಯಾಕ್ಟರಿನ ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ ಮೇಷ್ಟ್ರೇ, ಮೂರು ದಿನಕ್ಕೆ ಕಜ್ಜಿ ಮಾಯ" ಎಂದರು. ನಮ್ಮ ಊರಿನಲ್ಲಿ ಇದು ನಂಬಿಕೆಯ ಔಷಧ. ನನ್ನ ತಂದೆಯವರೂ ಎತ್ತಿಗೆ ಹಚ್ಚಿದ್ದನ್ನು ನೋಡಿದ್ದೆ. ಮೂವತ್ತೈದು ವರ್ಷ ವಿಜ್ಞಾನ ಪಾಠ ಹೇಳಿದ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಇಬ್ಬರು ಆಳುಗಳು ಗೋಣಿ ಹೊದಿಸಿ ಹಿಡಿದುಕೊಂಡರು, ನಾನು ಹಳೆಯ ಬಟ್ಟೆಯಿಂದ ಬಳಿದೆ. ನಾಯಿ ಮೈ ನೆಕ್ಕಿಕೊಂಡಿತು, ರಾತ್ರಿಯೆಲ್ಲ ವಾಂತಿ ಮಾಡಿತು, ಎರಡು ದಿನ ಅನ್ನ ಮುಟ್ಟಲಿಲ್ಲ. ಸುಟ್ಟ ಎಂಜಿನ್ ಎಣ್ಣೆಯಲ್ಲಿ ಲೋಹದ ಕಣಗಳೂ ವಿಷಕಾರಿ ರಾಸಾಯನಿಕಗಳೂ ಇರುತ್ತವೆ. ಬಿರುಕು ಬಿಟ್ಟ ಚರ್ಮಕ್ಕೆ ಬಳಿದರೆ ಅದು ಒಳಕ್ಕೆ ಇಳಿಯುತ್ತದೆ, ನೆಕ್ಕಿದರೆ ಹೊಟ್ಟೆಗೆ ಸೇರುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಬ್ಯಾಟರಿ ನೀರು ಇವೆಲ್ಲಕ್ಕೂ ಇದೇ ಮಾತು. ಕಜ್ಜಿಯಂತೂ ಹೋಗಲಿಲ್ಲ. ಹೋದದ್ದು ನಮ್ಮ ಮೇಲಿದ್ದ ಅಷ್ಟಿಷ್ಟು ವಿಶ್ವಾಸ. ಐದಾರು ಹೆಜ್ಜೆಯಾಗಿದ್ದ ದೂರ ಮತ್ತೆ ಮೊದಲಿನ ಇಪ್ಪತ್ತನ್ನೂ ದಾಟಿತು.

ಅಷ್ಟರಲ್ಲಿ ನನ್ನ ಮುಂಗೈ ಮೇಲೂ ಹೊಟ್ಟೆಯ ಮೇಲೂ ಕೆಂಪು ಗುಳ್ಳೆಗಳೆದ್ದು ತುರಿಕೆ ಶುರುವಾಯಿತು. ರಾತ್ರಿ ನಿದ್ರೆಯಿಲ್ಲ. ನಮ್ಮ ಮನೆಯವರು ನನ್ನ ಚಾಪೆಯನ್ನು ಜಗಲಿಗೆ ವರ್ಗಾಯಿಸಿದರು. ಕೊನೆಗೆ ಕೆಂಚನನ್ನು ಹಳೆಯ ಕುಕ್ಕೆಯೊಂದರಲ್ಲಿ ಕೂರಿಸಿ ಪಶು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ನಮ್ಮ ಶಾಲೆಯಲ್ಲೇ ಓದಿದವಳು. ಹೆಸರು ಬರೆದರೆ ಬೈಯುತ್ತಾಳೆ, ಆದ್ದರಿಂದ ಬರೆಯುವುದಿಲ್ಲ. ಅವಳು ನಾಯಿಗಿಂತ ಮೊದಲು ನನ್ನ ಕೈ ನೋಡಿದಳು. "ಇದು ಯಾವಾಗಿನಿಂದ ಸಾರ್?" ಎಂದು ಕೇಳಿ ನಕ್ಕಳು. ಅನಂತರ ಕೆಂಚನ ಕಿವಿಯ ತುದಿಯನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಉಜ್ಜಿದಳು. ಒಡನೆಯೇ ಅವನ ಹಿಂಗಾಲು ತಾನಾಗಿ ಕೆರೆಯುವಂತೆ ಗಾಳಿಯಲ್ಲಿ ಆಡತೊಡಗಿತು. ಬ್ಲೇಡಿಗೆ ಎಣ್ಣೆ ಸವರಿ, ಕಿವಿಯಂಚಿನಿಂದಲೂ ಮೊಣಕೈಯಿಂದಲೂ ಚರ್ಮವನ್ನು ಹೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಏನೂ ಕಾಣಲಿಲ್ಲ. ನಾನು "ಹಾಗಾದರೆ ಕಜ್ಜಿಯಲ್ಲ" ಎಂದೆ. "ಸಾರ್, ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಈ ಹುಳು ಇದ್ದಾಗಲೂ ಎಷ್ಟೋ ಸಲ ಸಿಗುವುದಿಲ್ಲ" ಎಂದು ಮತ್ತೆ ಮೂರು ಕಡೆ ಹೆರೆದಳು. ನಾಲ್ಕನೆಯ ಪಟ್ಟಿಯಲ್ಲಿ ಸಿಕ್ಕಿತು. "ಬನ್ನಿ, ನೋಡಿ, ಕಾಲು ಎಣಿಸಿ" ಎಂದಳು. ಎಂಟು.

ಸಂಧಿಪದಿಗಳ ಪಾಠ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆರು ಕಾಲಿನದು ಕೀಟ; ಎಂಟು ಕಾಲಿನ ಜೇಡ, ಚೇಳು, ಉಣ್ಣೆ, ನುಸಿ ಬೇರೆ ವರ್ಗ. ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಕಜ್ಜಿ ಎಂಬುದು ಆ ವರ್ಗದ ಒಂದು ಜೀವಿ ಚರ್ಮದೊಳಗೆ ಮಾಡಿಕೊಂಡ ಬಿಡಾರವೆಂದು ಕಣ್ಣಾರೆ ಕಂಡದ್ದು ಅಂದೇ. ಇದರ ಹೆಸರು ಸಾರ್ಕಾಪ್ಟಿಸ್. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೊಟ್ಟೆ ಬೆಳೆದು ಮತ್ತೊಂದು ನುಸಿಯಾಗಲು ಎರಡರಿಂದ ಮೂರು ವಾರ ಸಾಕು. ತುರಿಕೆ ಬರುವುದು ಕಚ್ಚಿದ್ದರಿಂದ ಮಾತ್ರವಲ್ಲ. ನುಸಿಗೂ ಅದರ ಮಲಕ್ಕೂ ದೇಹ ತೋರುವ ಪ್ರತಿಕ್ರಿಯೆಯಿಂದ. ಅದಕ್ಕೇ ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯುತ್ತದೆ, ಔಷಧ ಕೆಲಸ ಮಾಡಲಿಲ್ಲವೆಂದು ಜನ ಮಧ್ಯದಲ್ಲೇ ಕೈಬಿಡುತ್ತಾರೆ. ನಾಯಿಯ ಈ ನುಸಿ ಮನುಷ್ಯನ ಮೈಮೇಲೆ ಸಂತಾನ ಬೆಳೆಸಲಾರದು; ನಾಲ್ಕು ದಿನ ಕಾಡಿಸಿ ಹೋಗುತ್ತದೆ. ನಾಯಿ ಗುಣವಾದಂತೆ ನನ್ನ ತುರಿಕೆಯೂ ತಾನಾಗಿ ಇಳಿಯಿತು. ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಜ್ಜಿಯ ನುಸಿ ಇದೇ ಜಾತಿಯ ಬೇರೊಂದು ಬಗೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತುರಿಸಿಕೊಳ್ಳುವ ನಾಯಿಗೆಲ್ಲ ಇದೇ ಕಾರಣವೆಂದು ದಯವಿಟ್ಟು ತಿಳಿಯಬೇಡಿ. ಚಿಗಟದ ಎಂಜಲು ಮೈಗೆ ಆಗದ ನಾಯಿಗೆ ಒಂದೆರಡು ಚಿಗಟ ಕಚ್ಚಿದರೂ ಸಾಕು, ಬಾಲದ ಬುಡವನ್ನು ಹರಿದುಕೊಳ್ಳುತ್ತದೆ. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಹಾಲು ಕುಡಿಯುವ ಮರಿಗೆ ತಾಯಿಯಿಂದ ಬರುತ್ತದೆ. ಅದು ಅಂಟುವುದಿಲ್ಲ, ರೋಗನಿರೋಧಕ ಶಕ್ತಿ ಕುಂದಿದಾಗ ತಲೆಯೆತ್ತಿ ಕೂದಲು ಉದುರಿಸುತ್ತದೆ. ಹುಳುಕಡ್ಡಿ ಶಿಲೀಂಧ್ರದಿಂದ ಆಗುವುದು, ಮಕ್ಕಳಿಗೂ ಹತ್ತುತ್ತದೆ. ಧೂಳು, ಪರಾಗ, ಆಹಾರ ಒಗ್ಗದೆ ಪಾದವನ್ನು ನೆಕ್ಕುತ್ತಲೇ ಇರುವ ನಾಯಿಗಳೂ ಇವೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದಲೇ ಹೆರೆದು ನೋಡದೆ ಸೂಜಿ ಚುಚ್ಚುವವರ ಬಗ್ಗೆ ನನಗೆ ಅಸಮಾಧಾನ. ಅವರು ಕೊಡುವುದು ಹೆಚ್ಚಾಗಿ ಸ್ಟೀರಾಯ್ಡ್. ತುರಿಕೆ ಸಂಜೆಗೇ ನಿಲ್ಲುತ್ತದೆ, ಮಾಲೀಕನಿಗೆ ಸಂತೋಷ. ಒಳಗೆ ನುಸಿಗಳ ಸಂಸಾರ ನಿರಾತಂಕವಾಗಿ ಬೆಳೆಯುತ್ತದೆ. ಕುರಿಗೆ ಕೊಡುವ ಐವರ್‌ಮೆಕ್ಟಿನ್ ಅನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವವರೂ ಇದ್ದಾರೆ. ಕಾಲಿ ಮುಂತಾದ ಕೆಲವು ತಳಿಗಳಲ್ಲಿ ಆ ಔಷಧ ಮಿದುಳನ್ನು ಹೊಕ್ಕು ಜೀವ ತೆಗೆಯಬಲ್ಲದು. ಪೇಟೆಯಲ್ಲಿ ದುಡ್ಡು ಕೊಟ್ಟು ತಂದ ನಾಯಿಯುಳ್ಳ ಬಂಧುಗಳು ಇದನ್ನು ಗಮನಿಸಬೇಕು.

ಕೆಂಚನಿಗೆ ತೂಕ ನೋಡಿ ತಿಂಗಳಿಗೊಂದರಂತೆ ಮೂರು ಅಫಾಕ್ಸೊಲೇನರ್ ಮಾತ್ರೆ, ಕೀವಾಗಿದ್ದ ಚರ್ಮಕ್ಕೆ ಮೂರು ವಾರ ಆಂಟಿಬಯೋಟಿಕ್, ವಾರಕ್ಕೊಂದು ಸಲ ಔಷಧದ ಶಾಂಪೂ. ಈ ಬಗೆಯ ಮಾತ್ರೆಗಳನ್ನು ಅಪಸ್ಮಾರ ಇರುವ ನಾಯಿಗೆ ಕೊಡುವಾಗ ಎಚ್ಚರ ಬೇಕೆಂದು ಅವಳೇ ಕೇಳಿ ತಿಳಿದುಕೊಂಡಳು. ಶಾಂಪೂವನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಹೆದರಿದ ನಾಯಿಯನ್ನು ಹತ್ತು ನಿಮಿಷ ನಿಲ್ಲಿಸುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು. ಆ ಕಥೆ ಆಮೇಲೆ. ಮಲಗುವ ಗೋಣಿಯನ್ನು ಸುಟ್ಟು, ಹಳೆಯ ಸೀರೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಹಾಸಿದೆವು. ಬರಿಯ ಮುದ್ದೆ ಸಾಲದು, ಚರ್ಮ ಕಟ್ಟಿಕೊಳ್ಳಲು ಪ್ರೋಟೀನ್ ಬೇಕೆಂದು ದಿನಕ್ಕೊಂದು ಬೇಯಿಸಿದ ಮೊಟ್ಟೆ. ಶುದ್ಧ ಸಸ್ಯಾಹಾರಿ ಮನೆಯ ಹಿತ್ತಿಲಲ್ಲಿ ಮೊಟ್ಟೆ ಬೇಯಿಸಲು ಪ್ರತ್ಯೇಕ ಒಲೆ ಹೂಡಿದ್ದು ನಮ್ಮ ಬಂಧುವರ್ಗದಲ್ಲಿ ಸಾಕಷ್ಟು ಚರ್ಚೆಗೆ ಒಳಗಾಗಿದೆ, ಇಲ್ಲಿ ಬೆಳೆಸುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನು ಮಾತ್ರ ಕೊಡಬೇಡಿ. ಅದು ನಾಯಿಯ ಕೆಂಪು ರಕ್ತಕಣಗಳನ್ನು ನಾಶ ಮಾಡುತ್ತದೆ. ಬಂದಾಗ ಹನ್ನೊಂದು ಕಿಲೋ ಇದ್ದವನು ದೀಪಾವಳಿಯ ಹೊತ್ತಿಗೆ ಹದಿನೈದೂವರೆ ತೂಗಿದ. ರೇಬೀಸ್ ಲಸಿಕೆಯೂ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆದವು.

ನನ್ನ ಕೈ ತುರಿಸಿದ ಆ ಹದಿನೈದು ರಾತ್ರಿಗಳು ನನಗೆ ಕಲಿಸಿದ್ದನ್ನು ಯಾವ ಗ್ರಂಥವೂ ಕಲಿಸಿರಲಿಲ್ಲ. ನಿದ್ರೆಯಿಲ್ಲದೆ ಎದ್ದವನಿಗೆ ಕಾಫಿಯ ಲೋಟ ಕೆಳಗಿಟ್ಟ ಸದ್ದೂ ಸಿಡಿಲಿನಂತೆ ಕೇಳುತ್ತದೆ. ಮೊಮ್ಮಗಳು ಹಿಂದಿನಿಂದ ಬಂದು ಭುಜ ಮುಟ್ಟಿದ್ದಕ್ಕೆ ಗದರಿಬಿಟ್ಟೆ. ಹದಿನೈದು ರಾತ್ರಿಗೇ ನಾನು ಹೀಗಾದರೆ, ತಿಂಗಳುಗಟ್ಟಲೆ ತುರಿಸಿಕೊಂಡ ಪ್ರಾಣಿ ಮುಟ್ಟಲು ಬಂದವರಿಗೆ ಗುರ್ ಎನ್ನುವುದನ್ನು ದುಷ್ಟತನವೆಂದು ಕರೆಯುವುದು ಹೇಗೆ? 2019ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಅಲರ್ಜಿಯ ಚರ್ಮರೋಗವಿರುವ 343 ನಾಯಿಗಳನ್ನು ಆರೋಗ್ಯವಂತ ನಾಯಿಗಳೊಂದಿಗೆ ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ತುರಿಕೆ ತೀವ್ರವಾದಷ್ಟೂ ವಸ್ತುಗಳನ್ನು ಕಡಿಯುವುದು, ಅತಿಯಾದ ಚಡಪಡಿಕೆ, ಆಹಾರ ಕದಿಯುವುದು, ಹೇಳಿದ್ದನ್ನು ಕಲಿಯದಿರುವುದು ಇವೆಲ್ಲ ಹೆಚ್ಚಾಗಿ ಕಂಡವಂತೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬ ತೀರ್ಪನ್ನು ಅವರು ಕೊಟ್ಟಿಲ್ಲ. ನಾನೂ ಅವರ ಮಾತನ್ನು ಎಳೆದು ಹಿಗ್ಗಿಸುವುದಿಲ್ಲ. ಆದರೆ "ಕಲಿಯದಿರುವುದು" ಎಂಬ ಪದ ಮೇಷ್ಟರನ್ನು ಚುಚ್ಚುತ್ತದೆ.

ಇನ್ನು ಹೆದರಿಕೆ. ಚರ್ಮ ಆರು ವಾರದಲ್ಲಿ ತಿಳಿಯಾಯಿತು, ಕೂದಲು ಚಿಗುರಿತು. ಹೆದರಿಕೆ ಹಾಗೆಯೇ ಉಳಿಯಿತು. ಕೆಂಚ ಹೆದರುತ್ತಿದ್ದುದು ಎಲ್ಲಕ್ಕೂ ಅಲ್ಲ ಎಂಬುದನ್ನು ಗುರುತಿಸಲು ನನಗೆ ಕೆಲವು ದಿನ ಬೇಕಾಯಿತು. ಪೊರಕೆ ಹಿಡಿದ ಕೈ, ಪಂಚೆ ಎತ್ತಿ ಕಟ್ಟುವ ಗಂಡಸು, ಎಲ್ಲಕ್ಕಿಂತ ಹೆಚ್ಚಾಗಿ ಮಡಿಸಿದ ದಿನಪತ್ರಿಕೆ. ನಾನು ಪತ್ರಿಕೆಯನ್ನು ಉದ್ದಕ್ಕೆ ಮಡಿಸಿ ನೊಣ ಓಡಿಸಿದರೆ ಸಾಕು, ನೆಲಕ್ಕೆ ಅಂಟಿ, ಕಿವಿ ಹಿಂದಕ್ಕೆ ಒತ್ತಿ, ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಅವನಿಗೆ ಯಾರು ಯಾವುದರಿಂದ ಹೊಡೆದಿದ್ದರೆಂದು ಬೇರೆ ಸಾಕ್ಷಿ ಬೇಕಿರಲಿಲ್ಲ.

ಬಿ.ಇಡ್. ತರಗತಿಯಲ್ಲಿ ಪಾವ್ಲೋವ್ ಮಹಾಶಯರ ನಾಯಿಯನ್ನು ಬಾಯಿಪಾಠ ಮಾಡದ ಉಪಾಧ್ಯಾಯರಿಲ್ಲ. ಗಂಟೆ, ಆಹಾರ, ಜೊಲ್ಲು. ಚಿತ್ರ ಸಹಿತ ವಿವರಿಸಿ, ಹತ್ತು ಅಂಕ. ಅದೇ ಪಠ್ಯದಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆಯ ಪ್ರಯೋಗವೂ ಇತ್ತು. 1924ರಲ್ಲಿ ಪ್ರಕಟವಾದದ್ದು. ಪೀಟರ್ ಎಂಬ ಮೂರು ವರ್ಷದೊಳಗಿನ ಮಗುವಿಗೆ ಮೊಲ ಕಂಡರೆ ಭಯ. ಆಕೆ ಮಗುವಿಗೆ ಇಷ್ಟವಾದ ತಿಂಡಿ ಕೊಡುತ್ತ ಮೊಲವನ್ನು ದೂರದಲ್ಲಿಟ್ಟಳು. ಮಗು ನೆಮ್ಮದಿಯಿಂದ ತಿನ್ನುವಷ್ಟರ ಮಟ್ಟಿಗೆ ಮಾತ್ರ ದಿನದಿನಕ್ಕೆ ಹತ್ತಿರ ತಂದಳು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಇದನ್ನು ಬರೆದು ನಾನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ಅದನ್ನು ಪ್ರಯೋಗಿಸಿ ನೋಡಿದ್ದು ನಿವೃತ್ತಿಯಾದ ಮೇಲೆ, ಒಂದು ಬೀದಿನಾಯಿಯ ಮೇಲೆ.

ಜಗಲಿಯ ಒಂದು ಕೊನೆಯಲ್ಲಿ ಬಿಡಿಸಿದ ಪತ್ರಿಕೆಯನ್ನು ಹಾಸಿ, ಇನ್ನೊಂದು ಕೊನೆಯಲ್ಲಿ ಮೊಟ್ಟೆಯ ಚೂರು. ಮರುದಿನ ಒಂದು ಗೇಣು ಹತ್ತಿರ. ತಿನ್ನುವುದನ್ನು ನಿಲ್ಲಿಸಿದನೆಂದರೆ ನಾನು ಅವಸರ ಮಾಡಿದ್ದೇನೆಂದು ಅರ್ಥ. ಎರಡು ಗೇಣು ಹಿಂದೆ. ನಾಯಿ ಗುರ್ ಎನ್ನುವ ಮೊದಲೇ ಹೇಳಬೇಕಾದ್ದನ್ನೆಲ್ಲ ಹೇಳಿರುತ್ತದೆ. ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ತಿಂಡಿಯಿಲ್ಲದಿದ್ದರೂ ತುಟಿ ಸವರುತ್ತದೆ, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತದೆ, ಒಂದು ಮುಂಗಾಲು ಎತ್ತಿ ನಿಲ್ಲುತ್ತದೆ. ಗುರ್ ಎಂದದ್ದಕ್ಕೆ ಹೊಡೆದರೆ ಮುಂದಿನ ಸಲ ಅದು ಗುರ್ ಎನ್ನುವುದಿಲ್ಲ, ನೇರವಾಗಿ ಕಚ್ಚುತ್ತದೆ; ಎಚ್ಚರಿಕೆಯ ಗಂಟೆಯನ್ನು ನಾವೇ ಕಿತ್ತುಹಾಕಿರುತ್ತೇವೆ. ಬಾಗಿ ನೋಡುವುದು, ಕಣ್ಣಿನಲ್ಲಿ ಕಣ್ಣಿಟ್ಟು ದಿಟ್ಟಿಸುವುದು, ನೆತ್ತಿ ಸವರಲು ಕೈ ಚಾಚುವುದು, ಮೂಲೆಯಿಂದ ಎಳೆದು ಅಪ್ಪಿಕೊಳ್ಳುವುದು ಇವೆಲ್ಲ ಪ್ರೀತಿಯಿಂದ ಮಾಡಿದರೂ ನಾಯಿಗೆ ಅದು ಮುತ್ತಿಗೆಯೇ. ಮಂಚದ ಕೆಳಗಿನ ಜಾಗ ಅದರ ಪಾಲಿಗೆ ಗುಹೆ. ಅಲ್ಲಿಗೆ ಕೈ ಹಾಕಲೇಬಾರದು.

ಈ ಪ್ರಯೋಗದ ಕೀರ್ತಿಯನ್ನು ನಾನೊಬ್ಬನೇ ಹೊಡೆದುಕೊಳ್ಳುವುದು ಅನ್ಯಾಯ. ನಾನು ಗೇಣು ಅಳೆಯುತ್ತ ಕೂತಿದ್ದಾಗ ಕೆಂಚ ಮೊದಲು ಹೋಗಿ ಮೈತಾಗಿಸಿ ಮಲಗಿದ್ದು ನಮ್ಮ ಮನೆಯವರ ಪಕ್ಕದಲ್ಲಿ. ಅವರು ನಾಯಿ ಬೇಡವೇ ಬೇಡ ಎಂದವರು. ಮಧ್ಯಾಹ್ನ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ, ತಮ್ಮಷ್ಟಕ್ಕೆ ದೇವರನಾಮ ಗುನುಗುತ್ತಿದ್ದರು. ಹತ್ತಿರ ಬಂದರೂ ಏನನ್ನೂ ಕೇಳದವರೆಂದರೆ ಹೆದರಿದ ಜೀವಕ್ಕೆ ಅವರೇ. ಶಾಂಪೂ ಹಚ್ಚಿ ಹತ್ತು ನಿಮಿಷ ನಿಲ್ಲಿಸುವ ಸಮಸ್ಯೆಯೂ ಅವರಿಂದಲೇ ಬಗೆಹರಿಯಿತು. ಬಚ್ಚಲ ಗೋಡೆಗೆ ಒಂದು ಚಮಚ ತುಪ್ಪದನ್ನ ಮೆತ್ತಿದರು. ಅವನು ಅದನ್ನು ನೆಕ್ಕಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಒಂದು ಪ್ರಶ್ನೆ ಕೇಳಿದ್ದ: ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆಗೇ ಬಹುಮಾನ ಕೊಟ್ಟಂತಾಗುವುದಿಲ್ಲವೇ ಮಾವ? ಒಳ್ಳೆಯ ಪ್ರಶ್ನೆ, ಆದರೆ ಇದರಲ್ಲಿ ಸ್ಕಿನ್ನರ್ ಮತ್ತು ಪಾವ್ಲೋವ್ ಕಲಸಿಹೋಗಿದ್ದಾರೆ. ಬಹುಮಾನದಿಂದ ಹೆಚ್ಚುವುದು ಉದ್ದೇಶಪೂರ್ವಕವಾಗಿ ಮಾಡುವ ಕೆಲಸ. ಹೆದರಿಕೆ ಕೆಲಸವಲ್ಲ, ಅವಸ್ಥೆ. ಗುಡುಗಿಗೆ ಬೆಚ್ಚಿ ಮಡಿಲು ಸೇರಿದ ಮಗುವಿನ ಬೆನ್ನು ಸವರಿದರೆ ಅದು ನಾಳೆ ಬಹುಮಾನದ ಆಸೆಗೆ ಬೆಚ್ಚುವುದಿಲ್ಲ. ನಾಯಿ ತಾನಾಗಿ ಬಂದು ಒರಗಿದರೆ ಒರಗಲಿ. ನಾವು ಹೋಗಿ ಹಿಡಿಯದಿದ್ದರಾಯಿತು. ಇಷ್ಟೆಲ್ಲ ಮಾಡಿಯೂ ಇಳಿಯದ ಹೆದರಿಕೆಗೆ ಪಶುವೈದ್ಯರು ಕೊಡುವ ಔಷಧಗಳಿವೆ, ಅದರಲ್ಲಿ ನಾಚಿಕೆಯಿಲ್ಲ.

ಈಗ, ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದ ಸಂಗತಿ.

1986ರ ಮಳೆಗಾಲ. ನನಗೆ ಆಗ ಸೇವೆಯಲ್ಲಿ ಮೂರನೆಯ ವರ್ಷ. ಎಂಟನೆಯ ತರಗತಿಯಲ್ಲಿ, ಮೂರನೆಯ ಬೆಂಚಿನಲ್ಲಿ, ಹಾಸ್ಟೆಲಿನಿಂದ ಬರುತ್ತಿದ್ದ ಹುಡುಗನೊಬ್ಬ ಪಾಠದ ನಡುವೆ ಕೈ ಕೆರೆದುಕೊಳ್ಳುತ್ತಲೇ ಇದ್ದ. ಯಾವ ಪಾಠವೆಂಬುದು ನೆನಪಿಲ್ಲ. ಸಂಧಿಪದಿಗಳದ್ದೇ ಎಂದು ಬರೆದರೆ ಕಥೆಗೆ ಕಳೆ ಬರುತ್ತಿತ್ತು, ಆದರೆ ಗೊತ್ತಿಲ್ಲದ್ದನ್ನು ಬರೆಯಲಾರೆ. ಎರಡು ಸಲ ಎಚ್ಚರಿಸಿದೆ. ಮೂರನೆಯ ಸಲ ಎದ್ದು ನಿಲ್ಲಿಸಿ "ಕೈ ನೀಡು" ಎಂದೆ. ನೀಡಿದ. ಬೆರಳ ಸಂದುಗಳಲ್ಲಿ ಕೀವು ತುಂಬಿದ ಗುಳ್ಳೆಗಳಿದ್ದವು. ನಾನು ನೋಡಿದೆ. ನೋಡಿಯೂ ಎರಡು ಬೆತ್ತ ಹೊಡೆದೆ. ಅಂದಿನಿಂದ ಅವನು ನನ್ನ ತರಗತಿಯಲ್ಲಿ ಕೆರೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂರುತ್ತಿದ್ದ. ಹುಡುಗನಿಗೆ ಶಿಸ್ತು ಬಂತೆಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ನನಗೆ ನೆನಪಿದೆ. ಹಾಸ್ಟೆಲಿನ ನಲವತ್ತು ಮಕ್ಕಳಿಗೂ ಒಟ್ಟಿಗೆ ಗಂಧಕದ ಮುಲಾಮು ಹಚ್ಚಿ, ಹಾಸಿಗೆ ಬಟ್ಟೆಗಳನ್ನು ಕುದಿಸಿದ್ದರೆ ಒಂದು ತಿಂಗಳಲ್ಲಿ ಹೋಗುವ ಕಾಯಿಲೆಯಾಗಿತ್ತು. ಒಬ್ಬನೂ ಹೇಳಲಿಲ್ಲ, ವಿಜ್ಞಾನದ ಮೇಷ್ಟರಾದ ನಾನು ಹೇಳಬೇಕಾಗಿತ್ತು. ದಸರಾ ರಜೆಗೆ ಊರಿಗೆ ಹೋದ ಹುಡುಗ ಮರಳಿ ಬರಲಿಲ್ಲ.

ಮಡಿಸಿದ ಪತ್ರಿಕೆ ಕಂಡು ಕೆಂಚ ನೆಲಕ್ಕೆ ಅಂಟಿದಾಗ ನನಗೆ ನೆನಪಾದದ್ದು ಆ ತೊಡೆಯ ಕೆಳಗಿನ ಕೈಗಳು. ನಾಯಿಗೂ ಮಗುವಿಗೂ ಹೋಲಿಕೆಯೇ ಎಂದು ಯಾರೂ ನೊಂದುಕೊಳ್ಳಬೇಡಿ. ಹೋಲಿಸುತ್ತಿರುವುದು ಅವರಿಬ್ಬರನ್ನಲ್ಲ, ಎರಡೂ ಕಡೆ ಇದ್ದ ಕೋಲನ್ನು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಬೆತ್ತವನ್ನು ಬೀರುವಿನ ಮೇಲಕ್ಕೆ ಎಸೆದದ್ದು ಆಗಲೇ, ಕಾಯ್ದೆಗೆ ಹೆದರಿ. ಮನಸ್ಸಿನಿಂದ ಎಸೆದದ್ದು ಬಹಳ ತಡವಾಗಿ. ನನ್ನ ಬೀಳ್ಕೊಡುಗೆಯ ದಿನ ನಿಮ್ಮಲ್ಲಿ ಹಲವರು "ಸಾರ್ ಹೊಡೆದದ್ದರಿಂದಲೇ ನಾವು ಮನುಷ್ಯರಾದೆವು" ಎಂದಿರಿ. ಪ್ರೀತಿಯಿಂದ ಹೇಳಿದಿರಿ, ನಾನು ಸಂತೋಷದಿಂದ ಕೇಳಿದೆ. ಇಂದು ಆ ಪ್ರಶಂಸೆಯನ್ನು ಹಿಂದಿರುಗಿಸಲು ಅನುಮತಿ ಕೊಡಿ. ಅಂದು ಸಭೆಯಲ್ಲಿ ಕುಳಿತಿದ್ದವರು ಶಾಲೆಯಲ್ಲಿ ಉಳಿದವರು. ಉಳಿಯದವನು ಅಲ್ಲಿಗೆ ಬಂದಿರಲಿಲ್ಲ.

ಬೀದಿನಾಯಿಗಳ ಬಗ್ಗೆ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶಗಳು ಬಂದ ಮೇಲೆ ಊರೂರಲ್ಲೂ ಜಗಳ ನಡೆದದ್ದು ನನಗೆ ತಿಳಿದಿದೆ. ಕಚ್ಚಿಸಿಕೊಂಡ ಮಗುವಿನ ತಾಯಿಯ ಮುಂದೆ ದಯೆಯ ಉಪನ್ಯಾಸ ಮಾಡುವಷ್ಟು ನಾನು ದಡ್ಡನಲ್ಲ. ನಾಯಿ ಕಚ್ಚಿದರೆ, ಪರಚಿದರೂ ಸಹ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತಿ ಕೂರಬೇಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸುವ ಔಷಧವಿಲ್ಲ. ನಾನು ಹೇಳುತ್ತಿರುವುದು ಮನೆಗೆ ತಂದ ಮೇಲಿನ ಮಾತು. ತಂದ ನಾಯಿಗೆ ಕಜ್ಜಿಯಾಯಿತೆಂದು ರಾತ್ರೋರಾತ್ರಿ ಬೇರೆ ಊರಿನ ಗಡಿಯಲ್ಲಿ ಬಿಟ್ಟುಬರುವವರೇ ಆ ಊರಿನ ಬೀದಿಗೆ ಹೆದರಿದ, ನೊಂದ, ಕಚ್ಚಬಲ್ಲ ಇನ್ನೊಂದು ನಾಯಿಯನ್ನು ಸೇರಿಸುವವರು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಷ್ಟು ಹಳೆಯದು. ಹೀಗೆ ಕೈಬಿಡುವುದೂ ಅದರಡಿ ಅಪರಾಧ.

ದೀಪಾವಳಿಯ ವಿಷಯ ಒಂದು ಮಾತು, ಏಕೆಂದರೆ ಬೆಂಗಳೂರಿನ ಹುಡುಗ ಅದನ್ನೂ ಕೇಳಿದ. 2022ರ ದೀಪಾವಳಿಯಲ್ಲಿ ನಮಗೆ ಬುದ್ಧಿ ಇರಲಿಲ್ಲ. ಮೊದಲ ಲಕ್ಷ್ಮೀ ಪಟಾಕಿಗೇ ಕೆಂಚ ಬೇಲಿ ಹಾರಿ ಓಡಿದ; ಸಿಕ್ಕಿದ್ದು ಎರಡು ದಿನದ ಮೇಲೆ, ರೈಲ್ವೆ ಹಳಿಯ ಪಕ್ಕದ ಮೋರಿಯಲ್ಲಿ. ಮರುವರ್ಷದಿಂದ ಕತ್ತಲಾಗುವ ಮೊದಲೇ ತಿರುಗಾಡಿಸಿ, ಊಟ ಹಾಕಿ, ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನನ್ನೂ ರೇಡಿಯೋವನ್ನೂ ಹಾಕಿ, ನಮ್ಮಲ್ಲೊಬ್ಬರು ಒಳಗೇ ಕೂರುತ್ತೇವೆ. ಪಟಾಕಿಯನ್ನು ರಾತ್ರಿ 8ರಿಂದ 10ರವರೆಗೆ ಮಾತ್ರ ಹೊಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲೇ ಹೇಳಿತ್ತು. ನಮ್ಮ ಬೀದಿಯ ಹುಡುಗರಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಕಳೆದ ದೀಪಾವಳಿಯಲ್ಲೂ ಕೆಂಚ ನಡುಗಿದ. ಆದರೆ ಒಂಬತ್ತೂವರೆಯ ಹೊತ್ತಿಗೆ ಮಂಚದ ಕೆಳಗಿನಿಂದ ತಾನೇ ಬಂದು, ನಮ್ಮ ಮನೆಯವರ ಸೆರಗಿನ ಮೇಲೆ ಗಲ್ಲವಿಟ್ಟು, ಒಂದು ತುಂಡು ಕಜ್ಜಾಯ ತಿಂದ.

1986ರ ಎಂಟನೆಯ ತರಗತಿಯವರು ಇದನ್ನು ಓದುತ್ತಿದ್ದರೆ, ಯಾರ ವಿಷಯ ಬರೆದಿದ್ದೇನೆಂದು ನಿಮಗೆ ತಿಳಿದಿರುತ್ತದೆ. ಅವನ ಹೆಸರನ್ನು ಇಲ್ಲಿ ಎತ್ತಬೇಡಿ. ಎಲ್ಲಿದ್ದಾನೆಂದು ಗೊತ್ತಿದ್ದರೆ ನನಗೆ ಮಾತ್ರ ತಿಳಿಸಿ; ಅವನಿಗೆ ಇಷ್ಟವಿದ್ದರೆ ನಾನೇ ಹೋಗಿ ಕಾಣುತ್ತೇನೆ.

ಬೆಂಗಳೂರಿನ ಹುಡುಗ ನಿನ್ನೆ ಸಂದೇಶ ಕಳಿಸಿದ್ದಾನೆ. ಚರ್ಮ ಹೆರೆದು ಪರೀಕ್ಷಿಸಿದರಂತೆ. ಡೆಮೊಡೆಕ್ಸ್, ಅದರ ಮೇಲೆ ಬ್ಯಾಕ್ಟೀರಿಯಾದ ಸೋಂಕು. ಔಷಧ ಶುರುವಾಗಿದೆ. ಸರಪಳಿಯನ್ನು ತಂದವರಿಗೇ ವಾಪಸು ಕೊಟ್ಟಿದ್ದಾನೆ. ನಾಯಿ ಇನ್ನೂ ಮಂಚದ ಕೆಳಗೇ ಇದೆ, ಮಗಳು ಪಕ್ಕದ ನೆಲದ ಮೇಲೆ ಕೂತು, ಅದರ ಕಡೆಗೆ ನೋಡದೆ, ತನ್ನ ಪಾಠ ಓದಿಕೊಳ್ಳುತ್ತಿದ್ದಾಳಂತೆ.